ಮಿಲ್ಲಿನ ಈ-ಮೇಲ್ ದೂರದವರ ಕೈಗೆ ಕೊಡಬಹುದಾ? ಯಾವುದು ಕೊಡಬೇಕು, ಯಾವುದು ಬೇಡ

ಪ್ರಶ್ನೆ: ನಾನು ಮತ್ತು ನಮ್ಮಣ್ಣ ಗಂಗಾವತಿ ಹತ್ತಿರ ಒಂದು ಸಣ್ಣ ರೈಸ್ ಮಿಲ್ ನಡೆಸುತ್ತೇವೆ. ನಮ್ಮ ಸೋನಾ ಮಸೂರಿ ಬೆಂಗಳೂರು, ಹೈದರಾಬಾದ್, ಮುಂಬೈ ಕಡೆ ಹೋಗುತ್ತದೆ. ದಿನಕ್ಕೆ ಐವತ್ತು ಅರವತ್ತು ಈ-ಮೇಲ್ ಬರುತ್ತವೆ. ದರ ಕೇಳುವವರು, ಬಿಲ್ಟಿ (ಲಾರಿಗೆ ಮಾಲು ಹಾಕಿದ ರಸೀದಿ) ಕಾಪಿ ಕೇಳುವವರು, ಬ್ಯಾಂಕಿನವರು, ಜಿಎಸ್‌ಟಿ, ಚೀಲ ಪ್ರಿಂಟ್ ಮಾಡುವವರು, ಎಲ್ಲಾ ಒಂದೇ ಕಡೆ. ಹಗಲೆಲ್ಲಾ ಮಿಲ್ಲಿನಲ್ಲಿ ನಿಂತು ರಾತ್ರಿ ಹನ್ನೊಂದರವರೆಗೆ ಉತ್ತರ ಬರೆಯುವುದೇ ಆಗಿದೆ. ಅಣ್ಣನ ಮಗಳು ಧಾರವಾಡದಲ್ಲಿ ಓದಿದ್ದಾಳೆ. ಅವಳ ಗೆಳತಿ ಅಲ್ಲೇ ಮನೆಯಿಂದಲೇ ವರ್ಚುವಲ್ ಅಸಿಸ್ಟೆಂಟ್ ಕೆಲಸ, ಅಂದರೆ ದೂರದಿಂದಲೇ ಬೇರೆಯವರ ಆಫೀಸ್ ಕೆಲಸ, ಮಾಡುತ್ತಾಳಂತೆ. ದಿನಕ್ಕೆ ಎರಡು ತಾಸು ನಮ್ಮ ಮೇಲ್ ನೋಡಿಕೊಳ್ಳಲು ಸಿದ್ಧ ಇದ್ದಾಳೆ. ಆದರೆ ಅಣ್ಣ ಒಪ್ಪುತ್ತಿಲ್ಲ. "ಮುಖ ನೋಡದವರ ಕೈಯಾಗ ನಮ್ಮ ಲೆಕ್ಕ ಹ್ಯಾಂಗ ಕೊಡ್ತೀ?" ಅಂತಾನೆ. ಪಾಸ್‌ವರ್ಡ್ ಕೊಡಲು ನನಗೂ ಹೆದರಿಕೆ. ಎಷ್ಟು ಕೊಡಬಹುದು, ಹೇಗೆ ಶುರು ಮಾಡಬೇಕು?

ಉತ್ತರ: ನಿಮ್ಮ ಅಣ್ಣನವರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಅದರಲ್ಲಿ ಅರ್ಧ ನಿಜ ಇದೆ. ಆದರೆ ಹೆದರಬೇಕಾದ ಜಾಗ ಬೇರೆ. ನಿಮ್ಮ ಲೆಕ್ಕ ಈಗಲೂ ಅಂಥ ಗುಟ್ಟಾಗಿ ಉಳಿದಿಲ್ಲ. ಯಾವ ಪಾರ್ಟಿಗೆ ಎಷ್ಟು ಲೋಡು ಹೋಯಿತು ಅನ್ನುವುದು ಗುಮಾಸ್ತರಿಗೆ ಗೊತ್ತು, ದಲಾಲರಿಗೆ ಗೊತ್ತು, ಟ್ರಾನ್ಸ್‌ಪೋರ್ಟ್ ಆಫೀಸಿನವರಿಗೆ ಗೊತ್ತು, ಆಡಿಟರ್ ಹತ್ತಿರ ಕೆಲಸಕ್ಕಿರುವ ಹುಡುಗರಿಗೂ ಗೊತ್ತು. ಇನ್ನೊಬ್ಬರು ನೋಡಿದರು ಅಂತ ಮಿಲ್ ಮುಳುಗುವುದಿಲ್ಲ. ಪೆಟ್ಟು ಬೀಳುವುದು ನಿಮ್ಮ ಹೆಸರಿನಲ್ಲಿ ಬೇರೆಯವರು ಮಾತು ಕೊಟ್ಟಾಗ.

ಮಧ್ಯಾಹ್ನ ಹೇಳಿದ ದರ ಸಂಜೆಗೆ ಇರುವುದಿಲ್ಲ, ನಿಮಗೇ ಗೊತ್ತಲ್ವಾ. ಆದರೆ ಈ-ಮೇಲ್‌ನಲ್ಲಿ ಬರೆದ ದರ ಅಲ್ಲೇ ಕೂತಿರುತ್ತದೆ. ನಾಲ್ಕು ದಿನ ಬಿಟ್ಟು ಪಾರ್ಟಿ ಅದರ ಸ್ಕ್ರೀನ್‌ಶಾಟ್ ಕಳಿಸಿ, "ನಿಮ್ಮ ಆಫೀಸಿನವರೇ ಬರೆದಾರಲ್ಲ ಸಾವ್ಕಾರ್ರೇ" ಅಂದರೆ ನೀವೇನು ಹೇಳುತ್ತೀರಿ? ಹಾಗಾಗಿ ಈ-ಮೇಲ್ ಕೊಡಬೇಕೋ ಬೇಡವೋ ಅಂತ ಯೋಚಿಸಬೇಡಿ. ಬರುವ ಮೇಲ್‌ಗಳಲ್ಲಿ ಯಾವುದಕ್ಕೆ ಸುದ್ದಿ ತಿಳಿಸಿದರೆ ಸಾಕು, ಯಾವುದರಲ್ಲಿ ಮಾತು ಕೊಡಬೇಕಾಗುತ್ತದೆ ಅಂತ ಬೇರೆ ಮಾಡಿ. ಸುದ್ದಿಯ ಕೆಲಸ ಪೂರ್ತಿ ಕೊಟ್ಟುಬಿಡಿ. ದರ, ಉದ್ರಿ, ಲೋಡಿನ ತಾರೀಖು, ಬ್ಯಾಂಕ್ ಖಾತೆ, ಈ ನಾಲ್ಕರ ಮಾತು ನಿಮ್ಮ ಮತ್ತು ಅಣ್ಣನವರ ಹತ್ತಿರವೇ ಇರಲಿ. ಹಿಂದೆ ಅಡತಿ (ಕಮಿಷನ್ ವ್ಯಾಪಾರದ) ಅಂಗಡಿಗಳಲ್ಲಿ ಗುಮಾಸ್ತರು ಕಾಗದ ಬರೆಯುತ್ತಿದ್ದರು, ಸಾವ್ಕಾರರು ಓದಿ ಸಹಿ ಹಾಕುತ್ತಿದ್ದರು. ನೀವು ಮಾಡಹೊರಟಿರುವುದೂ ಅದನ್ನೇ. ಗುಮಾಸ್ತರು ಧಾರವಾಡದಲ್ಲಿ ಕೂತಿರುತ್ತಾರೆ, ಅಷ್ಟೇ.

ಮೊದಲು ಒಂದು ಕೆಲಸ ಮಾಡಿ. ಇನ್‌ಬಾಕ್ಸ್ ಬಿಟ್ಟು ಸೆಂಟ್ ಬಾಕ್ಸ್ ತೆರೆಯಿರಿ. ಹೋದ ಒಂದು ತಿಂಗಳಲ್ಲಿ ನೀವು ಕಳಿಸಿದ್ದನ್ನೆಲ್ಲಾ ಓದಿ. ಬಂದದ್ದು ನೋಡಿದರೆ ತಲೆ ಕೆಡುತ್ತದೆ, ಯಾಕೆಂದರೆ ಅದರಲ್ಲಿ ಅರ್ಧ ಜಾಹೀರಾತು. ಕಳಿಸಿದ್ದು ನೋಡಿದರೆ ನಿಜವಾದ ಕೆಲಸ ಎಷ್ಟು ಅಂತ ಕಾಣುತ್ತದೆ. ಅದೇ ಏಳೆಂಟು ಉತ್ತರಗಳನ್ನು ನೀವು ತಿಂಗಳೆಲ್ಲಾ ತಿರುಗಿಸಿ ಬರೆದಿರುತ್ತೀರಿ. ಬಿಲ್ಟಿ ಮತ್ತು ಇನ್‌ವಾಯ್ಸ್ ಕಾಪಿ ಕಳಿಸಿದ್ದು. ಸ್ಯಾಂಪಲ್ ಕೊರಿಯರ್ ಆಯಿತು ಅಂದಿದ್ದು. ಲಾರಿ ನಂಬರ್, ಡ್ರೈವರ್ ಫೋನ್ ನಂಬರ್ ಕೊಟ್ಟಿದ್ದು. ಲೆಡ್ಜರ್ ಸ್ಟೇಟ್‌ಮೆಂಟ್ ಕಳಿಸಿದ್ದು. ಹೊಟ್ಟು ಬಿಡಿಸುವ ರಬ್ಬರ್ ರೋಲ್‌ಗೋ ಅಕ್ಕಿಯ ಬಣ್ಣ ನೋಡಿ ಆರಿಸುವ ಸಾರ್ಟೆಕ್ಸ್ ಯಂತ್ರದ ಪಾರ್ಟಿಗೋ ಕೊಟೇಶನ್ ಕೇಳಿದ್ದು, ಬರಲಿಲ್ಲ ಅಂತ ಮತ್ತೆ ನೆನಪಿಸಿದ್ದು.

ಚೀಲದ ಪ್ರಶ್ನೆಯೂ ಇದ್ದೇ ಇರುತ್ತದೆ. 25 ಕಿಲೋದ್ದಾ, 26 ಕಿಲೋದ್ದಾ? 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕಿಲೋವರೆಗಿನ ಅಕ್ಕಿಗೆ ಶೇ. 5 ಜಿಎಸ್‌ಟಿ ಬಂತು. ಆಮೇಲೆ ಆ ಮಿತಿ ದಾಟಿಸಲೆಂದೇ 26 ಕಿಲೋ ಚೀಲ ಎಲ್ಲಾ ಕಡೆ ಕಾಣಿಸಿಕೊಂಡಿತು. ಹೊಸ ಅಂಗಡಿಯವರಿಗೆ ಇದು ಗೊತ್ತಿರುವುದಿಲ್ಲ, ಪ್ರತಿಯೊಬ್ಬರೂ ಕೇಳುತ್ತಾರೆ. ಪ್ರತಿಯೊಬ್ಬರಿಗೂ ನೀವು ರಾತ್ರಿ ಹತ್ತೂವರೆಗೆ ಹೊಸದಾಗಿ ಬರೆಯುತ್ತೀರಿ. ಒಂದು ಸಲ ಸರಿಯಾಗಿ ಬರೆದು, ಆಡಿಟರ್‌ಗೆ ತೋರಿಸಿ, ಸಹಾಯಕಿಗೆ ಕೊಟ್ಟರೆ ಮುಗಿಯಿತು.

ಹೀಗೆ ಓದುತ್ತಾ ಹೋದರೆ ಮೂರು ಗುಂಪು ತಾನಾಗೇ ಆಗುತ್ತದೆ. ಒಂದು, ಆಕೆಯೇ ನೋಡಿ ಕಳಿಸಿಬಿಡುವಂಥದ್ದು. ಮೇಲೆ ಹೇಳಿದ್ದು ಬಹುತೇಕ ಇದರಲ್ಲೇ ಬರುತ್ತದೆ. ಎರಡು, ಆಕೆ ಬರೆದು ಡ್ರಾಫ್ಟ್‌ನಲ್ಲಿ ಇಡುವಂಥದ್ದು, ನೀವು ಓದಿ ಕಳಿಸುವಂಥದ್ದು. ಕೊಟೇಶನ್, ಮಾಲಿನ ದೂರು, ಹೊಸ ಪಾರ್ಟಿಯ ವಿಚಾರಣೆ ಇಲ್ಲಿಗೆ. ಮೂರು, ಆಕೆ ಮುಟ್ಟಲೇಬಾರದ್ದು, ನಿಮಗೆ ಫೋನ್ ಮಾಡಿ ತಿಳಿಸಬೇಕಾದ್ದು. ಇಲಾಖೆಯ ನೋಟಿಸ್, ಬ್ಯಾಂಕಿನದ್ದು, ವಕೀಲರದ್ದು, ದುಡ್ಡಿನ ತಕರಾರು ಇದರಲ್ಲಿ ಬರುತ್ತವೆ. ಯಾವ ಗುಂಪು ಅಂತ ಆಕೆಗೆ ಗೊತ್ತಾಗದಿದ್ದರೆ ಎರಡನೆಯದಕ್ಕೆ ಹಾಕಲಿ. ಈ ಒಂದು ನಿಯಮ ಮೊದಲ ದಿನವೇ ಹೇಳಿಬಿಡಿ.

ಈಗ ಪಾಸ್‌ವರ್ಡ್ ವಿಷಯ. ಕೊಡಬೇಡಿ. ಕೊಡುವ ಅಗತ್ಯವೇ ಇಲ್ಲ. ನಿಮ್ಮದು ಜಿಮೇಲ್ ಆಗಿದ್ದರೆ ಅದರಲ್ಲಿ ಡೆಲಿಗೇಟ್ ಮಾಡುವ ಸೌಲಭ್ಯ ಇದೆ, ಪುಕ್ಕಟೆ. ಫೋನಿನ ಆ್ಯಪ್‌ನಲ್ಲಿ ಆಗುವುದಿಲ್ಲ, ಕಂಪ್ಯೂಟರ್‌ನಲ್ಲಿ ತೆರೆಯಬೇಕು. ಸೆಟ್ಟಿಂಗ್ಸ್‌ಗೆ ಹೋಗಿ, 'ಅಕೌಂಟ್ಸ್ ಅಂಡ್ ಇಂಪೋರ್ಟ್' ಒತ್ತಿದರೆ, 'ಗ್ರಾಂಟ್ ಆಕ್ಸೆಸ್ ಟು ಯುವರ್ ಅಕೌಂಟ್' ಅಂತ ಕಾಣುತ್ತದೆ. ಅಲ್ಲಿ ಆಕೆಯ ಜಿಮೇಲ್ ವಿಳಾಸ ಹಾಕಿ. ಆಕೆಗೆ ಒಂದು ಮೇಲ್ ಹೋಗುತ್ತದೆ, ವಾರದೊಳಗೆ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಆ ಲಿಂಕ್ ಸತ್ತುಹೋಗುತ್ತದೆ. ಒಪ್ಪಿದ ಮೇಲೂ ಕೆಲವು ಸಲ ಒಂದು ದಿನ ಕಾಯಬೇಕಾಗುತ್ತದೆ. ಆಮೇಲೆ ಆಕೆ ತನ್ನದೇ ಪಾಸ್‌ವರ್ಡ್ ಹಾಕಿ ತನ್ನ ಜಿಮೇಲ್‌ಗೆ ಹೋಗಿ, ಅಲ್ಲಿಂದ ನಿಮ್ಮ ಮೇಲ್ ಡಬ್ಬಿ ತೆರೆಯುತ್ತಾಳೆ. ಓದಬಹುದು, ಕಳಿಸಬಹುದು, ಅಳಿಸಲೂಬಹುದು. ನಿಮ್ಮ ಪಾಸ್‌ವರ್ಡ್ ಬದಲಿಸಲು ಆಗುವುದಿಲ್ಲ, ನಿಮ್ಮ ಹೆಸರಿನಲ್ಲಿ ಚಾಟ್ ಮಾಡಲೂ ಆಗುವುದಿಲ್ಲ. ಬೇಡ ಅನಿಸಿದ ದಿನ ಅದೇ ಜಾಗದಲ್ಲಿ 'ಡಿಲೀಟ್' ಒತ್ತಿದರೆ ಆಯಿತು. ಅಣ್ಣನವರನ್ನು ಕೂಡಿಸಿಕೊಂಡು ಆ ಡಿಲೀಟ್ ಬಟನ್ ತೋರಿಸಿ. ಎಷ್ಟೋ ಹಿರಿಯರಿಗೆ ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳಬಹುದು ಅನ್ನುವುದು ಕಣ್ಣಿಗೆ ಕಂಡರೆ ಧೈರ್ಯ ಬರುತ್ತದೆ. ಸಾಮಾನ್ಯ ಜಿಮೇಲ್‌ನಲ್ಲಿ ಹತ್ತು ಜನರವರೆಗೆ ಹೀಗೆ ಸೇರಿಸಬಹುದು. ಅಣ್ಣನ ಮಗಳನ್ನೂ ಸೇರಿಸಿಡಿ. ಸಹಾಯಕಿಗೆ ಜ್ವರ ಬಂದ ದಿನ, ಧಾರವಾಡದಲ್ಲಿ ಕರೆಂಟ್ ಹೋದ ದಿನ ಮಿಲ್ಲಿನ ಮೇಲ್ ನಿಲ್ಲಬಾರದು.

ಇಷ್ಟು ಮಾಡಿ ನಿಲ್ಲಿಸಿದರೆ ಒಂದು ದೊಡ್ಡ ತೂತು ಉಳಿಯುತ್ತದೆ. ಜಾಸ್ತಿ ಜನ ಇಲ್ಲೇ ಎಡವುತ್ತಾರೆ. ನಿಮ್ಮ ಪತ್ರದಲ್ಲೇ 'ಎಲ್ಲಾ ಒಂದೇ ಕಡೆ' ಅಂತ ಬರೆದಿದ್ದೀರಿ. ಅಂದರೆ ಅಕ್ಕಿ ಕೇಳುವವರ ಮೇಲ್ ಬರುವ ವಿಳಾಸಕ್ಕೇ ಬ್ಯಾಂಕಿನ ಸ್ಟೇಟ್‌ಮೆಂಟ್ ಬರುತ್ತದೆ, ಜಿಎಸ್‌ಟಿ ಒಟಿಪಿ ಬರುತ್ತದೆ, ಆದಾಯ ತೆರಿಗೆಯದ್ದು ಬರುತ್ತದೆ. ಯಾವುದೋ ವೆಬ್‌ಸೈಟಿನಲ್ಲಿ 'ಪಾಸ್‌ವರ್ಡ್ ಮರೆತಿದ್ದೇನೆ' ಅಂತ ಒತ್ತಿದರೆ ಹೊಸ ಪಾಸ್‌ವರ್ಡ್ ಮಾಡುವ ಲಿಂಕ್ ಬರುವುದೂ ಅಲ್ಲಿಗೇ. ಡಬ್ಬಿ ಓದಲು ಸಿಕ್ಕವರಿಗೆ ಈ ಲಿಂಕ್‌ಗಳೂ ಸಿಗುತ್ತವೆ. ನೀವು ಒಂದು ಪಾಸ್‌ವರ್ಡ್ ಕೊಡಲಿಲ್ಲ, ಆದರೆ ಉಳಿದೆಲ್ಲದರ ಬಾಗಿಲು ತೆರೆದಿಟ್ಟ ಹಾಗಾಯಿತು. ಆ ಹುಡುಗಿ ಚಿನ್ನದಂಥವಳೇ ಇರಬಹುದು. ಆಕೆಯ ಲ್ಯಾಪ್‌ಟಾಪ್ ಕಳುವಾದರೆ?

ಆದ್ದರಿಂದ ಸಹಾಯಕಿಯನ್ನು ಸೇರಿಸುವ ಮೊದಲು ಡಬ್ಬಿ ಎರಡು ಮಾಡಿ. ಬ್ಯಾಂಕ್, ಜಿಎಸ್‌ಟಿ, ಆದಾಯ ತೆರಿಗೆ, ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ, ವಿಮೆ, ಇವಕ್ಕೆ ಹೊಸ ವಿಳಾಸ ಮಾಡಿ. ಅದನ್ನು ನೀವಿಬ್ಬರು ಅಣ್ಣತಮ್ಮಂದಿರು ಮಾತ್ರ ನೋಡಿ. ವಿಸಿಟಿಂಗ್ ಕಾರ್ಡ್ ಮತ್ತು ಚೀಲದ ಮೇಲೆ ಅಚ್ಚಾಗಿರುವ ಹಳೆಯ ವಿಳಾಸ ವ್ಯಾಪಾರಕ್ಕೆ ಇರಲಿ. ಆಕೆಗೆ ಕೊಡುವುದು ಅದನ್ನೇ. ಎರಡಕ್ಕೂ ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿ, ಅಂದರೆ ಪಾಸ್‌ವರ್ಡ್ ಜೊತೆ ಫೋನಿನಲ್ಲೂ ಒಪ್ಪಿಗೆ ಕೇಳುವ ಹಾಗೆ. ಆಕೆಯ ಸ್ವಂತ ಜಿಮೇಲ್‌ಗೂ ಅದು ಇರಲೇಬೇಕು ಅಂತ ಹೇಳಿ, ಯಾಕೆಂದರೆ ಈಗ ನಿಮ್ಮ ಡಬ್ಬಿಗೆ ಹೋಗುವ ದಾರಿ ಅದೂ ಹೌದು. ಹಳೆಯ ಡಬ್ಬಿಯಲ್ಲಿ ವರ್ಷಗಳಿಂದ ಬಿದ್ದಿರುವ ಬ್ಯಾಂಕ್ ಸ್ಟೇಟ್‌ಮೆಂಟ್, ಪ್ಯಾನ್, ಆಧಾರ್ ಕಾಪಿಗಳನ್ನು ಹೊಸದಕ್ಕೆ ಕಳಿಸಿ, ಹಳೆಯದರಿಂದ ಅಳಿಸಿ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಈ-ಮೇಲ್ ಬದಲಿಸುವುದು ದೊಡ್ಡ ಕೆಲಸವಲ್ಲ. ಅದನ್ನು ನಾನ್-ಕೋರ್ ತಿದ್ದುಪಡಿ ಅಂತಾರೆ. ಅಧಿಕಾರಿ ಒಪ್ಪಬೇಕಿಲ್ಲ, ಒಟಿಪಿ ಹಾಕಿದರೆ ಸಾಕು. ಹೋದಾಗ ಇನ್ನೊಂದು ನೋಡಿ: ಅಲ್ಲಿ ಈಗ ಇರುವುದು ನಿಮ್ಮ ವಿಳಾಸವೇನಾ? ಎಷ್ಟೋ ಮಿಲ್, ಅಂಗಡಿಗಳ ನೋಂದಣಿಯಲ್ಲಿ ಅಂದು ಅರ್ಜಿ ಹಾಕಿದವರ ಮೇಲ್ ಮತ್ತು ಫೋನ್ ನಂಬರೇ ಇವತ್ತಿಗೂ ಇರುತ್ತದೆ. ನೋಟಿಸ್ ಬಂದದ್ದು ಮಾಲೀಕರಿಗೆ ಗೊತ್ತೇ ಆಗುವುದಿಲ್ಲ. ಮೇಲ್‌ನಲ್ಲಿ ಬರುವುದು ಬರೀ ಸೂಚನೆ, ನಿಜವಾದ ನೋಟಿಸ್ ಪೋರ್ಟಲ್ ಒಳಗೆ ಇರುತ್ತದೆ. ಅದೂ ಕೆಲವು 'ಅಡಿಶನಲ್ ನೋಟಿಸಸ್' ಅನ್ನುವ ಬೇರೆ ಜಾಗದಲ್ಲಿ. ವಾರಕ್ಕೊಮ್ಮೆ ನೀವೋ ಆಡಿಟರ್ ಕಡೆಯವರೋ ಒಳಗೆ ಹೋಗಿ ನೋಡಬೇಕು. ಇದು ಸಹಾಯಕಿಯ ಕೆಲಸವಲ್ಲ. ನೆನಪಿಸುವುದು ಮಾತ್ರ ಆಕೆಯ ಕೆಲಸ. ತಿಂಗಳು ತಿಂಗಳು ರಿಟರ್ನ್ ಹಾಕುವವರಿಗೆ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್). ಎರಡು ದಿನ ಮೊದಲು ನಿಮಗೂ ಆಡಿಟರ್‌ಗೂ ಒಂದು ಸಾಲು ಹಾಕಲಿ.

ವಾಟ್ಸ್ಆ್ಯಪ್ ಬಗ್ಗೆ ನೀವು ಕೇಳಿಲ್ಲ, ಆದರೆ ಅದು ಬಂದೇ ಬರುತ್ತದೆ. ಅರ್ಧ ವ್ಯಾಪಾರ ಅದರಲ್ಲೇ ನಡೆಯುತ್ತದಲ್ವಾ. ಒಂದು ನಂಬರಿಗೆ ನಾಲ್ಕು ಬೇರೆ ಸಾಧನ ಜೋಡಿಸಬಹುದು, ನಿಜ. ಆದರೆ ಜೋಡಿಸಿದವರಿಗೆ ಎಲ್ಲಾ ಕಾಣುತ್ತದೆ. ವ್ಯಾಪಾರದ್ದು ಬೇರೆ, ಮನೆಯದ್ದು ಬೇರೆ ಅಂತ ಅಲ್ಲಿ ಮಾಡಲು ಬರುವುದಿಲ್ಲ. ಮಿಲ್ಲಿಗೆ ಬೇರೆ ನಂಬರ್, ಬೇರೆ ಬಿಸಿನೆಸ್ ವಾಟ್ಸ್ಆ್ಯಪ್ ಇದ್ದರೆ ಮುಂದೆ ನೋಡೋಣ. ಇಲ್ಲದಿದ್ದರೆ ಸದ್ಯಕ್ಕೆ ಕೈಬಿಡಿ.

ಆಕೆ ಕಳಿಸುವ ಮೇಲ್ ಯಾರ ಹೆಸರಿನಲ್ಲಿ ಹೋಗಬೇಕು? ಜಿಮೇಲ್‌ನಲ್ಲಿ ಎರಡು ಆಯ್ಕೆ ಇದೆ. ನಿಮ್ಮ ವಿಳಾಸದ ಜೊತೆ ಕಳಿಸಿದವರ ವಿಳಾಸವೂ ಕಾಣಬಹುದು, ಅಥವಾ ನಿಮ್ಮದೊಂದೇ ಕಾಣಬಹುದು. ಆಕೆಯ ಖಾಸಗಿ ವಿಳಾಸ ಊರೆಲ್ಲಾ ತಿರುಗುವುದು ಬೇಡ ಅಂತಿದ್ದರೆ ನಿಮ್ಮದೊಂದೇ ಇರಲಿ. ಆದರೆ ಕೆಳಗೆ ಸಹಿಯಲ್ಲಿ ನಿಮ್ಮ ಹೆಸರು ಹಾಕಿಸಬೇಡಿ. 'ಮಿಲ್ ಕಚೇರಿಯ ಪರವಾಗಿ' ಅಂತ ಬರೆದು ಆಕೆಯ ಹೆಸರು ಹಾಕಲಿ. ಕೆಲವರು ಹೇಳುತ್ತಾರೆ, ಸಾವ್ಕಾರರೇ ಬರೆದಂತೆ ಕಂಡರೆ ಪಾರ್ಟಿಗೆ ಗೌರವ ಅನಿಸುತ್ತದೆ ಅಂತ. ನನಗೆ ಇದು ಒಪ್ಪಿಗೆಯಿಲ್ಲ. ಪಾರ್ಟಿ ಮಾರನೇ ದಿನ ಫೋನ್ ಮಾಡಿ, "ನಿನ್ನೆ ನೀವೇ ಬರೆದಿದ್ರಲ್ಲ" ಅಂದಾಗ ನೀವು ತಡವರಿಸುತ್ತೀರಿ. ಅಷ್ಟೇ ಅಲ್ಲ, ಕಚೇರಿಯ ಹೆಸರಿನಲ್ಲಿ ಹೋದ ಮೇಲ್‌ನಲ್ಲಿ ದರ ಇರುವುದಿಲ್ಲ ಅಂತ ಪಾರ್ಟಿಗಳಿಗೂ ನಿಧಾನವಾಗಿ ಗೊತ್ತಾಗುತ್ತದೆ. ದರಕ್ಕೆ ಅವರೇ ನಿಮಗೆ ಫೋನ್ ಮಾಡುತ್ತಾರೆ. ನಿಮಗೆ ಬೇಕಾದದ್ದೂ ಅದೇ.

ದರ ಕೇಳಿದವರಿಗೆ ಆಕೆ ಏನು ಬರೆಯಬೇಕು ಅನ್ನುವುದಕ್ಕೆ ಒಂದು ಮಾದರಿ ಕೊಡುತ್ತೇನೆ, ನಿಮ್ಮ ಧಾಟಿಗೆ ತಿದ್ದಿಕೊಳ್ಳಿ: "ನಮಸ್ಕಾರ. ನಿಮ್ಮ ಮೇಲ್ ಸಿಕ್ಕಿತು. ಸೋನಾ ಮಸೂರಿ ಸ್ಟೀಮ್, ರಾ ಎರಡೂ ಇದೆ, 26 ಕಿಲೋ ಚೀಲದಲ್ಲಿ. ದರ ದಿನದ ಮೇಲೆ ಇರುವುದರಿಂದ ಮೇಲ್‌ನಲ್ಲಿ ಹೇಳುವುದಿಲ್ಲ. ಎಷ್ಟು ಮಾಲು ಬೇಕು, ಯಾವ ಊರಿಗೆ, ಹಳೆಯದಾ ಹೊಸದಾ ಅಂತ ತಿಳಿಸಿದರೆ ನಮ್ಮ ಮಾಲೀಕರು ಇಂದು ಸಂಜೆ ಐದರೊಳಗೆ ಫೋನ್ ಮಾಡುತ್ತಾರೆ." ಇದನ್ನು ಜಿಮೇಲ್‌ನ ಟೆಂಪ್ಲೇಟ್‌ನಲ್ಲಿ ಇಟ್ಟುಕೊಳ್ಳಬಹುದು, ಸೆಟ್ಟಿಂಗ್ಸ್‌ನ 'ಅಡ್ವಾನ್ಸ್ಡ್' ಭಾಗದಲ್ಲಿ ಅದನ್ನು ಆನ್ ಮಾಡಬೇಕು. ಸಂಜೆ ಐದು ಅಂತ ಬರೆದ ಮೇಲೆ ನೀವು ಐದರೊಳಗೆ ಮಾಡಲೇಬೇಕು, ನೋಡಿ. ಆಗುವುದಿಲ್ಲ ಅಂದರೆ 'ನಾಳೆ' ಅಂತ ಬರೆಸಿ. ಜೊತೆಗೆ 'ಅನ್‌ಡೂ ಸೆಂಡ್' ಸಮಯವನ್ನು 30 ಸೆಕೆಂಡಿಗೆ ಹಾಕಿಡಿ. ಕಳಿಸಿದ ಮೇಲೆ ಅಯ್ಯೋ ಅನಿಸಿದರೆ ಅಷ್ಟರೊಳಗೆ ಹಿಂದಕ್ಕೆ ಎಳೆಯಬಹುದು.

ಎಲ್ಲಾ ಉತ್ತರವನ್ನೂ ಮಾದರಿಯಲ್ಲಿ ಹಾಕಲು ಆಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಅಂಥ ವಾರವನ್ನು ನೆನಪಿಸಿಕೊಳ್ಳಿ. ಎಡದಂಡೆ ಕಾಲುವೆಗೆ ನೀರು ಉಳಿಯುತ್ತದೋ ಇಲ್ಲವೋ ಅಂತ ಇಲ್ಲಿ ಎಲ್ಲರೂ ಕಂಗಾಲು. ಅತ್ತ ಹೈದರಾಬಾದಿನಲ್ಲಿ ಕೂತವರಿಗೆ ದರ ಏರುತ್ತದಾ, ಈಗಲೇ ಬುಕ್ ಮಾಡಬೇಕಾ ಅನ್ನುವ ಚಿಂತೆ. ಹಿಂದಿನ ವರ್ಷ 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗಲೂ ಅಷ್ಟೇ. ಅಂಥ ದಿನ ಸಹಾಯಕಿ ಪೇಪರ್ ಓದಿ ತನಗೆ ತೋಚಿದ್ದು ಬರೆದರೆ ಕೆಲಸ ಕೆಟ್ಟಿತು. ನೀವೇ ನಾಲ್ಕು ಸಾಲು ಬರೆದುಕೊಡಿ, ಆಕೆ ಎಲ್ಲರಿಗೂ ಅದನ್ನೇ ಕಳಿಸಲಿ. ನೀವು ಬರೆಯುವವರೆಗೆ ಆ ವಿಷಯದ ಒಂದು ಮೇಲ್‌ಗೂ ಉತ್ತರ ಹೋಗಬಾರದು.

ದುಡ್ಡಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಈ-ಮೇಲ್‌ನಲ್ಲಿ ನಡೆಯುವ ದೊಡ್ಡ ಮೋಸ ಇಲ್ಲೇ. ಚೀಲ ಕೊಡುವ ಕಂಪನಿಯಿಂದ ಬಂದಂತೆಯೇ ಒಂದು ಮೇಲ್ ಬರುತ್ತದೆ. ಅದೇ ಲೋಗೋ, ಹಳೆಯ ಬಿಲ್ ನಂಬರ್ ಸಮೇತ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮೇಲೆ ಇದಕ್ಕೆ ಹಾಕಿ" ಅಂತ ಇರುತ್ತದೆ. ವಿಳಾಸದಲ್ಲಿ ಒಂದೇ ಒಂದು ಅಕ್ಷರ ಹೆಚ್ಚುಕಡಿಮೆ. ಕೆಲವು ಸಲ ಅದೂ ಇಲ್ಲ, ಅವರ ಡಬ್ಬಿಯೇ ಕಳ್ಳರ ಕೈಗೆ ಸಿಕ್ಕಿರುತ್ತದೆ. ಸಹಾಯಕಿಗೆ ಹೇಳಿಡಿ: ಖಾತೆ ಬದಲಾಯಿತು ಅನ್ನುವ ಯಾವ ಮೇಲ್‌ಗೂ 'ಸರಿ' ಅಂತಲೂ ಬರೆಯಬಾರದು. ನಿಮಗೆ ಫೋನ್ ಮಾಡಬೇಕು. ನೀವು ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಮಾಡಿ ಕೇಳಬೇಕು, ಆ ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಅಲ್ಲ.

ಇದರದ್ದೇ ಇನ್ನೊಂದು ಮುಖ ನಿಮ್ಮ ಹೆಸರಿನಲ್ಲಿ ನಿಮ್ಮ ಪಾರ್ಟಿಗೆ ಹೋಗುವ ಮೇಲ್. ಅದಕ್ಕೆ ಇನ್‌ವಾಯ್ಸ್‌ನ ಕೆಳಗೆ ಒಂದು ಸಾಲು ಅಚ್ಚು ಹಾಕಿಸಿ: 'ನಮ್ಮ ಬ್ಯಾಂಕ್ ಖಾತೆ ಬದಲಾವಣೆಯನ್ನು ಈ-ಮೇಲ್‌ನಲ್ಲಿ ತಿಳಿಸುವುದಿಲ್ಲ.' ತಿಂಗಳಿಗೊಮ್ಮೆ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಜಾಗ ನೋಡಿ. ಡಬ್ಬಿಗೆ ನುಗ್ಗಿದವರು ನಿಮ್ಮ ಮೇಲ್ ತಮಗೂ ಬರುವ ಹಾಗೆ ಅಲ್ಲೇ ಏರ್ಪಾಟು ಮಾಡಿಕೊಳ್ಳುತ್ತಾರೆ. ದುಡ್ಡು ಹೋಗಿಯೇಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಆ ದುಡ್ಡನ್ನು ಮಧ್ಯದಲ್ಲಿ ತಡೆಯುವ ಅವಕಾಶ ಜಾಸ್ತಿ. ಅಣ್ಣ ಬೈತಾರೆ ಅಂತ ರಾತ್ರಿಯೆಲ್ಲಾ ಕೂತರೆ ದುಡ್ಡು ನಾಲ್ಕು ಖಾತೆ ದಾಟಿರುತ್ತದೆ.

ಬಾಕಿ ವಸೂಲಿಯ ಮೇಲ್? ಮೊದಲ ನೆನಪೋಲೆ ಆಕೆ ಕಳಿಸಲಿ. ಬಿಲ್ ನಂಬರ್, ತಾರೀಖು, ಮೊತ್ತ, ಅಷ್ಟೇ. ಅದಕ್ಕೂ ಮೊದಲು ಒಂದು ವಿಷಯ ಆಕೆಗೆ ತಿಳಿಸಿ: ಆ ಪಾರ್ಟಿ ದಲಾಲರ ಮೂಲಕ ಬಂದವರಾ, ನೇರ ಬಂದವರಾ? ದಲಾಲರಿಗೆ ಹೇಳದೆ ಪಾರ್ಟಿಗೆ ನೇರ ನೆನಪೋಲೆ ಹೋದರೆ ದಲಾಲರು ಮುನಿಸಿಕೊಳ್ಳುತ್ತಾರೆ. ಧಾರವಾಡದಲ್ಲಿ ಕೂತವರಿಗೆ ಇದು ಹೊಳೆಯುವುದಿಲ್ಲ. ಪಾರ್ಟಿಗಳ ಪಟ್ಟಿಯಲ್ಲಿ ಹೆಸರಿನ ಮುಂದೆಯೇ ದಲಾಲರ ಹೆಸರು ಬರೆದುಕೊಡಿ.

ಎರಡನೇ ಸಲ ಕೇಳುವುದು ನಿಮ್ಮ ಕೆಲಸ. ಕಾನೂನಿನ ಮಾತು ಬಂದರೆ ಅದೂ ನಿಮ್ಮದೇ. ನಿಮ್ಮದು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕವಾಗಿದ್ದರೆ ಇಂಥ ಘಟಕಗಳಿಗೆಂದೇ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ಕಡೆ ಇದೆ. ಬರಹದಲ್ಲಿ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಬರಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯಲ್ಲೂ ಒಂದು ನಿಯಮ ಬಂದಿದೆ. ಆ ಗಡುವು ದಾಟಿದರೆ ಖರೀದಿದಾರರು ನಿಮಗೆ ಕೊಡಬೇಕಾದ ದುಡ್ಡನ್ನು ನಿಜವಾಗಿ ಕೊಟ್ಟ ವರ್ಷದಲ್ಲೇ ಖರ್ಚು ತೋರಿಸಬೇಕು. ಅದಕ್ಕೇ ಮಾರ್ಚ್ ಬಂದರೆ ದೊಡ್ಡ ಪಾರ್ಟಿಗಳ ಆಡಿಟರ್‌ಗಳು ಇದನ್ನು ಕೇಳುತ್ತಾರೆ. ಇದು ಗಟ್ಟಿ ಅಸ್ತ್ರ, ಆದರೆ ಹತ್ತು ವರ್ಷದ ಪಾರ್ಟಿಗೆ ಇದನ್ನು ಮೇಲ್‌ನಲ್ಲಿ ಎತ್ತುವುದೋ ಬಿಡುವುದೋ ಅನ್ನುವುದು ನಿಮ್ಮ ತೂಕದ ಮಾತು. ಎರಡು ತಾಸಿಗೆ ಸಂಬಳ ತೆಗೆದುಕೊಳ್ಳುವವರ ಮೇಲೆ ಅದನ್ನು ಹೊರಿಸಬೇಡಿ.

ಆಕೆಗೆ ಕೆಲಸ ಕಲಿಸುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ಸೋಲುವವರು ಸೋಲುವುದು ಇಲ್ಲೇ. ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅಂತ ಸೇರಿಸಿಕೊಳ್ಳುತ್ತಾರೆ. ಹುಡುಗಿಗೆ ಲೋಡು ಅಂದರೆ ಏನು, ನುಚ್ಚು ಎಷ್ಟು ಶೇಕಡಾ ಇದ್ದರೆ ಪಾರ್ಟಿ ತಕರಾರು ಮಾಡುತ್ತಾರೆ, ಕಾಟಾ ಚೀಟಿಗೂ (ಲಾರಿ ತೂಕದ ಚೀಟಿ) ಬಿಲ್ಲಿಗೂ ತೂಕ ಯಾಕೆ ಹೆಚ್ಚುಕಡಿಮೆ ಬರುತ್ತದೆ, ಒಂದೂ ಗೊತ್ತಿರುವುದಿಲ್ಲ. ಲಾರಿ ಇನ್ನೂ ಹಮಾಲರ ಮುಂದೆ ನಿಂತಿರುವಾಗ 'ನಿಮ್ಮ ಮಾಲು ಹೊರಟಿದೆ' ಅಂತ ಬರೆದುಬಿಡುತ್ತಾಳೆ. ತಪ್ಪು ಆಕೆಯದ್ದಲ್ಲ. ಮೊದಲ ವಾರವೇ ಆಕೆಯನ್ನು ಒಂದು ದಿನ ಗಂಗಾವತಿಗೆ ಕರೆಸಿ, ಬಸ್ಸಿನ ಖರ್ಚು ನೀವೇ ಕೊಡಿ. ಭತ್ತ ಸುರಿಯುವಲ್ಲಿಂದ ಚೀಲ ಹೊಲಿಯುವವರೆಗೆ ನಡೆಸಿ ತೋರಿಸಿ. ಗುಮಾಸ್ತರ ಜೊತೆ ಕೂಡಿಸಿ, ಒಂದು ಬಿಲ್ಟಿ ಹೇಗೆ ಆಗುತ್ತದೆ ನೋಡಲಿ. ಅಣ್ಣನವರ ಜೊತೆ ಊಟಕ್ಕೂ ಕೂಡಿಸಿ. 'ಮುಖ ನೋಡದವರು' ಅನ್ನುವ ದೂರು ಅಲ್ಲಿಗೆ ಮುಗಿಯುತ್ತದೆ. ನಿಮ್ಮಲ್ಲಿ ಆಂಧ್ರದ ಕಡೆಯಿಂದ ಬಂದ ರೈತರು ನೆಲೆಸಿದ ಕ್ಯಾಂಪುಗಳ ಕಡೆಯಿಂದ, ಹೈದರಾಬಾದಿನಿಂದ ತೆಲುಗಿನಲ್ಲಿ ಮಾತಾಡುವವರು ಬಹಳ. ಆಕೆಗೆ ತೆಲುಗು ಬರದಿದ್ದರೆ ಫೋನ್ ಕೆಲಸ ಕೊಡಬೇಡಿ, ಮೇಲ್ ಮಾತ್ರ ಸಾಕು.

ಮೊದಲ ಎರಡು ವಾರ ಆಕೆ ಏನನ್ನೂ ಕಳಿಸುವುದು ಬೇಡ, ಎಲ್ಲವೂ ಡ್ರಾಫ್ಟ್‌ನಲ್ಲೇ ಇರಲಿ. ನೀವು ಓದಿ. ತಪ್ಪಿದ್ದರೆ ನೀವೇ ತಿದ್ದಿ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಹಾಕಿ, 'ಇಲ್ಲಿ ತಾರೀಖು ಹಾಕಬಾರದಿತ್ತು, ಯಾಕೆಂದರೆ ಲಾರಿ ಸಿಕ್ಕಿಲ್ಲ' ಅಂತ ಹೇಳಿ. ಆಕೆಯೇ ತಿದ್ದಲಿ. ಹೀಗೆ ಬಂದ ಪ್ರತಿ ಹೊಸ ಪ್ರಶ್ನೆಯನ್ನೂ ಉತ್ತರವನ್ನೂ ಆಕೆ ಒಂದು ಗೂಗಲ್ ಡಾಕ್‌ನಲ್ಲಿ ಬರೆದಿಡಲಿ. ಆಕೆ ಬಿಟ್ಟುಹೋದರೂ ಮುಂದೆ ಬಂದವರಿಗೆ ಅದು ಸಿಗುತ್ತದೆ. ಮೂರನೇ ವಾರ ಬಿಲ್ಟಿ, ಇನ್‌ವಾಯ್ಸ್ ಕಾಪಿ ಕಳಿಸುವುದನ್ನು ಮಾತ್ರ ಪೂರ್ತಿ ಬಿಟ್ಟುಕೊಡಿ. ಸರಿ ನಡೆದರೆ ಇನ್ನೊಂದು. ದಿನಾ ಸಂಜೆ ಏಳಕ್ಕೆ ಆಕೆಯಿಂದ ಒಂದೇ ಸಂದೇಶ ಬರಲಿ: ಇವತ್ತು ಏನು ಹೋಯಿತು, ನಿಮಗಾಗಿ ಏನು ಕಾದಿದೆ, ಯಾವುದಕ್ಕೆ ಕೊನೆ ತಾರೀಖು ಹತ್ತಿರ ಬಂದಿದೆ. ನೀವು ಆಗ ಇಪ್ಪತ್ತು ನಿಮಿಷ ಕೂತು ಡ್ರಾಫ್ಟ್‌ಗಳನ್ನು ಓದಿ ಕಳಿಸಿದರೆ ರಾತ್ರಿ ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ.

ಒಂದು ಪುಟದ ಒಪ್ಪಂದ ಬರೆದುಕೊಳ್ಳಿ, ಪರಿಚಯದವರೇ ಆದರೂ. ಎಷ್ಟು ತಾಸು, ಎಷ್ಟು ದುಡ್ಡು, ಯಾವ ತಾರೀಖಿಗೆ ಕೊಡುತ್ತೀರಿ, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು. ತನ್ನದೇ ಲ್ಯಾಪ್‌ಟಾಪ್, ಅದಕ್ಕೆ ಲಾಕ್, ಸೈಬರ್ ಕೆಫೆಯಲ್ಲಿ ತೆರೆಯುವಂತಿಲ್ಲ, ಮಿಲ್ಲಿನ ಫೈಲ್ ಮನೆಯವರಿಗೂ ತೋರಿಸುವಂತಿಲ್ಲ. ಇನ್ನೊಂದು ಹೊಸ ಸಾಲು ಈಗ ಸೇರಿಸಲೇಬೇಕು: ಪಾರ್ಟಿಗಳ ಹೆಸರು, ಬಿಲ್, ಲೆಡ್ಜರ್‌ಗಳನ್ನು ಪುಕ್ಕಟೆ ಎಐ ಚಾಟ್‌ಗಳಲ್ಲಿ ಹಾಕಿ ಉತ್ತರ ಬರೆಸುವಂತಿಲ್ಲ. ಪಾರ್ಟಿಗಳ ಫೋನ್ ನಂಬರ್, ವಿಳಾಸಗಳು ನಿಮ್ಮ ಜವಾಬ್ದಾರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಆ ಹೊಣೆ ವಹಿಸಿದವರ ಮೇಲೇ ಇರುತ್ತದೆ. ಆಕೆ ಕೆಲಸ ಬಿಟ್ಟರೆ ಅದೇ ದಿನ ಡೆಲಿಗೇಟ್ ಪಟ್ಟಿಯಿಂದ, ಗೂಗಲ್ ಡಾಕ್‌ನಿಂದ ತೆಗೆಯಿರಿ. ಜಗಳವಾಗಿರಬೇಕಂತಿಲ್ಲ, ಅದು ನಡಾವಳಿ.

ಶುರು ಮಾಡುವ ಮೊದಲು ಆ ಐವತ್ತು ಅರವತ್ತರಲ್ಲಿ ಜಾಹೀರಾತು ಮೇಲ್‌ಗಳನ್ನು ಅನ್‌ಸಬ್‌ಸ್ಕ್ರೈಬ್ ಮಾಡಿ ನೋಡಿ. ಉಳಿದದ್ದು ನೋಡಿದರೆ ಎರಡು ತಾಸು ಬೇಡ, ಒಂದೇ ಸಾಕು ಅನ್ನಿಸಲೂಬಹುದು. ಹಾಗಿದ್ದರೆ ಒಂದಕ್ಕೇ ಮಾತಾಡಿ. ನವೆಂಬರ್, ಡಿಸೆಂಬರ್‌ನಲ್ಲಿ ಹೊಸ ಭತ್ತ ಬಂದು ಮಿಲ್ ಹಗಲು ರಾತ್ರಿ ಓಡುವಾಗ ಇದಕ್ಕೆ ಕೈ ಹಾಕಬೇಡಿ. ಆಗ ಡ್ರಾಫ್ಟ್ ಓದಲು ನಿಮಗೆ ಪುರುಸೊತ್ತು ಸಿಗುವುದಿಲ್ಲ, ಆಕೆ ಕಾದು ಕಾದು ತಾನೇ ಕಳಿಸಲು ಶುರು ಮಾಡುತ್ತಾಳೆ. ಬೇಸಿಗೆ ಬೆಳೆಯ ಗದ್ದಲ ಮುಗಿದ ಮೇಲೆ, ಜೂನ್ ಜುಲೈ ಹೊತ್ತಿಗೆ ಡಬ್ಬಿ ಎರಡು ಮಾಡುವ ಕೆಲಸ ಹಿಡಿಯಿರಿ. ಬ್ಯಾಂಕಿನ ವಿಳಾಸ ಬದಲಿಸಲು ಶಾಖೆಗೆ ಒಂದೆರಡು ಸಲ ಓಡಾಡಬೇಕಾಗುತ್ತದೆ, ಅದಕ್ಕೇ ಎಲ್ಲಕ್ಕಿಂತ ಮೊದಲು ಅದನ್ನು ಮುಗಿಸಿಕೊಳ್ಳಿ.